ಕೆಂಪು ವೃತ್ತದ ಹೊರಗೆ

ಸುದ್ದಿಯನ್ನು ಮೊದಲು ನೋಡಿದ್ದು ಮುಳ್ಳೇರಿಯದ ಬೇಕರಿಯ ಟೀವಿಯಲ್ಲಿ. ಮಂಗಳೂರು ಕಡೆಯ ಕಾಲೇಜೊಂದು ನಿಯಮ ಮೀರಿ ಆಟಗಾರ್ತಿಯರನ್ನು ಸೆಳೆಯುತ್ತಿದೆಯಂತೆ. ನಮ್ಮ ಕಾಲೇಜಿನಲ್ಲಿ ಹೆಸರಿರುವಾಗಲೇ ಒಬ್ಬಳನ್ನು ವರ್ಷದ ನಡುವೆ ಕರೆದೊಯ್ದು, ಹಾಸ್ಟೆಲು, ಊಟ, ಹೊಸ ಫೋನು ಎಲ್ಲ ಕೊಟ್ಟು ಹಗ್ಗಜಗ್ಗಾಟದ ತಂಡದಲ್ಲಿ ಆಡಿಸಿತಂತೆ. ಆ ಒಬ್ಬಳು ಬೆಳ್ಳೂರಿನ ನನ್ನ ಗೆಳತಿ. ಎರಡು ವರ್ಷ ಒಂದೇ ತಂಡದಲ್ಲಿ ಹಗ್ಗ ಎಳೆದವರು ನಾವು.

ಪರದೆಯ ಮೇಲೆ ನಮ್ಮ ತಂಡದ ಹಳೆಯ ಫೋಟೋ. ಅವಳ ಮುಖದ ಸುತ್ತ ಕೆಂಪು ವೃತ್ತ. ಉಳಿದವರ ಮುಖವನ್ನೆಲ್ಲ ಮಸುಕು ಮಾಡಿದ್ದರು. ಅವಳ ಹೆಗಲ ಮೇಲಿದ್ದ ಕೈಯೊಂದು ಮಾತ್ರ ಸರಿಯಾಗಿ ಕಾಣುತ್ತಿತ್ತು, ಅದು ನನ್ನದು. ಮನೆಯಲ್ಲಿ ಅಮ್ಮ, “ಸದ್ಯ, ನಿನ್ನ ಮುಖ ಕಾಣುವುದಿಲ್ಲ, ಬಚಾವ್!” ಎಂದರು. ನನಗೆ ಮೈಯೆಲ್ಲ ಉರಿಯಿತು. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಚಂದದ ಹೆಸರು ಹುಡುಕುವವಳು ನಾನಲ್ಲ.

ಹಗ್ಗಜಗ್ಗಾಟದಲ್ಲಿ ಇಡೀ ತಂಡದ ಒಟ್ಟು ತೂಕಕ್ಕೆ ಮಿತಿ ಇರುತ್ತದೆ. ಹಗ್ಗದ ತುದಿಯನ್ನು ಮೈಗೆ ಸುತ್ತಿಕೊಂಡು ಕಟ್ಟಕಡೆಗೆ ನಿಲ್ಲುವವಳು ಭಾರವಿರಬೇಕು. ಅದು ಅವಳ ಜಾಗ. ಅವಳು ಏರಿಸಿಕೊಂಡಷ್ಟು ತೂಕವನ್ನು ಇನ್ನೊಬ್ಬರು ಇಳಿಸಬೇಕು, ಆ ಇನ್ನೊಬ್ಬರು ಯಾವಾಗಲೂ ನಾನೇ. ಪಂದ್ಯದ ಮುಂಚಿನ ದಿನ ಅವಳು ಪರೋಟ ಹರಿದು ತಿನ್ನುವಾಗ ಎದುರು ಕೂತು ಬಿಸಿನೀರು ಕುಡಿದವಳು ನಾನು. ತೂಕ ಸರಿಬಂದ ಕೂಡಲೇ ಕೋಚ್ ತಟ್ಟುತ್ತಿದ್ದದ್ದು ಅವಳ ಬೆನ್ನನ್ನು. ಕೊನೆಗೆ ಮಂಗಳೂರಿನಿಂದ ಕರೆಯಲು ಬಂದವರೂ ಅವಳನ್ನೇ ಕರೆದರು. ಹಸಿದು ಕೂತದ್ದು ಯಾರ ಲೆಕ್ಕಕ್ಕೂ ಬರಲಿಲ್ಲ.

ಮರುದಿನ ವರದಿಗಾರರೊಬ್ಬರು ಫೋನ್ ಮಾಡಿದರು.

“ನೀವು ಅವರ ಒಟ್ಟಿಗೆ ಆಡಿದವರಲ್ವಾ? ನಿಮ್ಮನ್ನೂ ಕರೆದಿದ್ರಾ?”

ಸುಳ್ಳಾದರೂ ಸರಿ, ಹೌದು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. “ಇಲ್ಲ” ಎಂದೆ.

“ಫೋನಾದ್ರೂ ಬಂದಿತ್ತಾ?”

“ಇಲ್ಲ.”

“ಹಾಗಾದ್ರೆ ಬಿಡಿ, ಪರವಾಗಿಲ್ಲ.”

ಬಿಸಿನೀರಿನ ಕತೆ ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಅವರು ಫೋನ್ ಇಟ್ಟಾಗಿತ್ತು.

ಸಂಜೆ ಅವಳೇ ನಮ್ಮ ಮನೆಗೆ ಬಂದಳು. ಅಮ್ಮ ಚಹಾ, ಗೋಳಿಬಜೆ ತಂದಿಟ್ಟರು. ಅವಳು ಮುಟ್ಟಲಿಲ್ಲ. ಇನ್ನು ಈ ವರ್ಷ ಎಲ್ಲಿಯೂ ಆಡುವ ಹಾಗಿಲ್ಲವಂತೆ, ಹಾಸ್ಟೆಲೂ ಬಿಡಬೇಕಂತೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟಳು.

“ನೀನು ಪುಣ್ಯವಂತೆ ಮಾರಾಯ್ತಿ. ನಿನ್ನ ಸುದ್ದಿಗೆ ಯಾರೂ ಬರಲಿಲ್ಲ” ಎಂದಳು.

“ಹೌದು, ಯಾರೂ ಬರಲಿಲ್ಲ. ನನಗೋಸ್ಕರ ಯಾರೂ ಯಾವ ನಿಯಮವನ್ನೂ ಮುರಿಯಲಿಲ್ಲ” ಎಂದೆ. ನನ್ನ ದನಿ ನನಗೇ ಕರ್ಕಶವಾಗಿ ಕೇಳಿಸಿತು.

ಅವಳು ಅಳು ನಿಲ್ಲಿಸಿ ನನ್ನನ್ನೇ ನೋಡಿದಳು. ಆಮೇಲೆ ಗೋಳಿಬಜೆಯ ತಟ್ಟೆಯನ್ನು ಮೆಲ್ಲನೆ ನನ್ನ ಕಡೆಗೆ ದೂಡಿ, “ನೀನು ತಿನ್ನು” ಎಂದಳು. ಇಷ್ಟು ವರ್ಷಗಳಲ್ಲಿ ಅವಳು ಆ ಮಾತು ಹೇಳಿದ್ದು ಅದೇ ಮೊದಲು.

ಅಷ್ಟನ್ನೂ ತಿಂದೆ. ಕಿಚ್ಚು ಮಾತ್ರ ಆರಲಿಲ್ಲ.