ಶೈಲಜಕ್ಕನ ರಸ್ತೆ

ಆ ರಸ್ತೆ ಹಾಳಾದದ್ದು ಶೈಲಜಕ್ಕನ ಡಾಂಬರಿನಿಂದಲ್ಲ—ನನ್ನಿಂದ. ಅದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಅವರ ಎದುರಿಗೇ ಸುಳ್ಳು ಹೇಳಿದೆ.

ಎರಡು ಸಾವಿರದ ದಶಕದ ಆರಂಭ. ಸಿಡ್ನಿಯ ಪಶ್ಚಿಮಕ್ಕಿರುವ ಒಂದು ಕೌನ್ಸಿಲ್‌ನಲ್ಲಿ —ಅಲ್ಲಿನ ನಗರಸಭೆಯೆಂದರೆ ಅದೇ—ನಾವಿಬ್ಬರೂ ರಸ್ತೆ ಇಂಜಿನಿಯರುಗಳು. ಅವರು ದಾವಣಗೆರೆಯವರು, ನನಗಿಂತ ಹಿರಿಯರು. ಕೆಲಸ ಕೊಡಿಸಿದವರೂ ಅವರೇ, ನನಗೊಂದು ಮನೆ ಸಿಗುವವರೆಗೆ ಗಿರಾವೀನ್‌ನ ತಮ್ಮ ಮನೆಯಲ್ಲಿ ಇಟ್ಟುಕೊಂಡವರೂ ಅವರೇ. ಹಳೆಯ ರಸ್ತೆಗಳಿಂದ ಕೆರೆದು ತೆಗೆದ ಡಾಂಬರನ್ನು ಹೊಸದಕ್ಕೆ ಬೆರೆಸಿ ಬಳಸಬೇಕೆಂದು ಅವರು ವರ್ಷಗಟ್ಟಲೆ ವಾದಿಸಿದ್ದರು. ಟೆಂಡರು ತೆರೆದ ದಿನದ ಬೆಲೆಯೊಂದನ್ನೇ ನೋಡಬೇಡಿ, ರಸ್ತೆ ಬಾಳುವಷ್ಟು ಕಾಲದ ಖರ್ಚು ನೋಡಿ—ಎಲ್ಲ ಮೀಟಿಂಗಿನಲ್ಲೂ ಇದೇ ಮಾತು. ಕೊನೆಗೂ ಒಂದು ರಸ್ತೆಗೆ ಒಪ್ಪಿಗೆ ಸಿಕ್ಕಿತು. ಉಸ್ತುವಾರಿಯನ್ನು ಹಟ ಹಿಡಿದು ನನಗೇ ಕೊಡಿಸಿದರು.

ರಸ್ತೆಯ ಅಂಚಿನುದ್ದಕ್ಕೂ, ನೆಲದೊಳಗೆ, ನೀರು ಬಸಿದುಹೋಗಲು ಪೈಪು ಹಾಕಬೇಕಿತ್ತು. ತಗ್ಗಿನಲ್ಲಿ ಬಂಡೆ ಅಡ್ಡ ಬಂತು. ಒಡೆಯುತ್ತ ಕೂತರೆ ಕೆಲಸ ತಡವಾಗುತ್ತದೆ, ಮೊದಲ ಕೆಲಸದಲ್ಲೇ ನನ್ನ ಹೆಸರು ಕೆಡುತ್ತದೆ, ಇಲ್ಲೇ ನೆಲೆಸಲು ಬೇಕಾದ ನನ್ನ ಪಿಆರ್ ಬೇರೆ ಇನ್ನೂ—ಏನೇನೋ ಯೋಚಿಸಿದೆ. "ಇಲ್ಲಿ ಪೈಪು ಬೇಡ, ಮುಚ್ಚಿಬಿಡಿ" ಎಂದೆ. ಕಂಟ್ರಾಕ್ಟರ್ ಮತ್ತೊಮ್ಮೆ ಕೇಳಲೂ ಇಲ್ಲ.

ಮುಂದಿನ ವರ್ಷ ಬಿಡದೆ ಮಳೆ ಹಿಡಿಯಿತು. ಬಸಿಯದ ನೀರು ಅಡಿಯಲ್ಲೇ ನಿಂತು ತಗ್ಗಿನಲ್ಲಿ ರಸ್ತೆ ಬಾಯಿಬಿಟ್ಟಿತು. ಮೀಟಿಂಗಿನಲ್ಲಿ ಮ್ಯಾನೇಜರ್ ನನ್ನನ್ನೇ ಕೇಳಿದ, "ಪೈಪು ನಕ್ಷೆಯಲ್ಲಿದ್ದ ಹಾಗೇ ಹಾಕಿದ್ದೀಯಾ?"

"ಹಾಕಿದ್ದೇನೆ. ಪೂರ್ತಿ."

ಶೈಲಜಕ್ಕ ನನ್ನತ್ತ ತಿರುಗಿದರು. ಅನುಮಾನದಿಂದಲ್ಲ—ಅನುಮಾನಪಟ್ಟಿದ್ದರೆ ಇವತ್ತು ಇಷ್ಟು ಉರಿಯುತ್ತಿರಲಿಲ್ಲವೇನೋ. ನನ್ನ ಮಾತನ್ನು ನಂಬಿದರು. ನಂಬಿದ್ದರಿಂದಲೇ, "ಹಾಗಾದರೆ ನನ್ನ ಮಿಶ್ರಣವೇ ಸರಿಯಿಲ್ಲ" ಎಂದು ಎಲ್ಲರೆದುರು ತಾವೇ ಒಪ್ಪಿಕೊಂಡರು.

ಆ ವಾರ ಹ್ಯಾರಿಸ್ ಪಾರ್ಕ್‌ನಲ್ಲಿ ಒಂದು ಹೋಟೆಲಿಗೆ ಕರೆದೊಯ್ದು ನನಗೆ ದೋಸೆ ಕೊಡಿಸಿದರು. "ಸಾರಿ ಕಣೋ ಮಧು, ನಿನ್ನ ಮೊದಲನೇ ರಸ್ತೇನೇ ಹಾಳು ಮಾಡಿಬಿಟ್ಟೆ."

"ಪರವಾಗಿಲ್ಲ ಬಿಡಿ ಅಕ್ಕ" ಎಂದೆ. ನಾನು—ಅವರನ್ನು—ಕ್ಷಮಿಸಿದೆ!

ಅಗೆದು ನೋಡುವ ಗೋಜಿಗೆ ಯಾರೂ ಹೋಗಲಿಲ್ಲ. ಮೇಲೆ ಹೊಸ ಡಾಂಬರು ಎಳೆದು ಮುಗಿಸಿದರು. ಹಳೆಯ ಡಾಂಬರಿನ ಮಾತನ್ನು ಆಮೇಲೆ ಆ ಕೌನ್ಸಿಲ್‌ನಲ್ಲಿ ಯಾರೂ ಎತ್ತಲಿಲ್ಲ. ಶೈಲಜಕ್ಕ ಕೆಲಸ ಬಿಟ್ಟು ನಾರ್ವೆಸ್ಟ್‌ನ ಒಂದು ಇನ್ಶೂರೆನ್ಸ್ ಆಫೀಸು ಸೇರಿದರು. ನಾನು ಒಳ್ಳೆಯ ಹೆಸರಿನೊಂದಿಗೆ ಮೆಲ್ಬರ್ನ್‌ಗೆ ಬಂದೆ. ಇಲ್ಲಿ ಈಗ ಅಂಥದೇ ಮಿಶ್ರಣ ಹಾಕಿಸುತ್ತೇನೆ. ಹೊಸದಾಗಿ ಸೇರಿದವರಿಗೆ, ರಸ್ತೆ ಬಾಳುವಷ್ಟು ಕಾಲದ ಖರ್ಚು ನೋಡಿ ಎಂದು ಪಾಠ ಹೇಳುತ್ತೇನೆ—ಅವರ ಮಾತು, ನನ್ನ ಬಾಯಲ್ಲಿ. ಜನ ತಲೆದೂಗುತ್ತಾರೆ.

ಹೋದ ತಿಂಗಳು ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಇಷ್ಟೇ ಕೇಳಿದರು, "ಅಂದ್ರೆ... ನನ್ನ ಮಿಕ್ಸ್ ಸರಿಯಾಗೇ ಇತ್ತಾ?"

"ಸರಿಯಾಗೇ ಇತ್ತು, ಅಕ್ಕ."

"ಇದನ್ನ ನನಗ್ಯಾಕೋ ಹೇಳ್ತೀಯ? ಆ ಮೀಟಿಂಗ್ ರೂಮಲ್ಲಿ ಹೇಳ್ಬೇಕಿತ್ತು."

ಫೋನ್ ಇಟ್ಟರು. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಿಲ್ಲ.

ಸಿಡ್ನಿಗೆ ಟಿಕೆಟ್ ಬುಕ್ ಮಾಡಿದ್ದೇನೆ. ಆ ಮ್ಯಾನೇಜರ್ ಇನ್ನೂ ಅಲ್ಲೇ ಇದ್ದಾನೆ, ಸೋಮವಾರ ಬಾ ಎಂದಿದ್ದಾನೆ. ಹೇಳಿದ ಮೇಲೆ ನನ್ನ ಈ ಕೆಲಸ ಉಳಿಯಲಿಕ್ಕಿಲ್ಲ, ಉಳಿಯಲೂಬಾರದು. ಆದರೆ ನಾನು ಏನೇ ಹೇಳಿ ಬರಲಿ, ಮಂಗಳವಾರ ಬೆಳಿಗ್ಗೆ ಶೈಲಜಕ್ಕ ಅದೇ ಇನ್ಶೂರೆನ್ಸ್ ಆಫೀಸಿಗೆ ಹೋಗುತ್ತಾರೆ.