ಉತ್ತರಕ್ಕೆ ತಲೆ

ನನ್ನ ಮಗಳು ಈ ಪರದೇಶದ ಒನೆಹುಂಗಾ ಎಂಬ ಊರಿನ ಒಂದು ಹಾಲ್‌ನಲ್ಲಿ ಕ್ಯಾನ್ಸರ್ ಬಂದವರಿಗೆ ಯೋಗ ಹೇಳಿಕೊಡುತ್ತಿದ್ದಳು. ಬರುತ್ತಿದ್ದವರೆಲ್ಲ ಸ್ಪ್ಯಾನಿಷ್ ಮಾತಾಡುವವರು. ಚಿಲಿ, ಕೊಲಂಬಿಯಾ ಕಡೆಯಿಂದ ಬಂದು ಇಲ್ಲೇ ನೆಲೆಸಿದವರು. ಅವರಿಗೆ ಒಗ್ಗುವ ಹಾಗೆ ಪಾಠ ಹೊಂದಿಸಬೇಕೆಂದು ಅವಳು ತಿಂಗಳುಗಟ್ಟಲೆ ಕೂತು ಬರೆದಿದ್ದಳು. ಚರ್ಚಿಗೆ ಹೋಗುವವರೆಂದು ಓಂಕಾರ ತೆಗೆದಳು. ಮನೆಯವರನ್ನೂ ಕರೆತನ್ನಿ ಎಂದಳು. ಕೊನೆಯಲ್ಲಿ ಮಲಗುವ ಶವಾಸನಕ್ಕೆ ಅವರ ಭಾಷೆಯಲ್ಲಿ ವಿಶ್ರಾಂತಿ ಎಂದು ಹೆಸರಿಟ್ಟಳು. ಶವ ಎಂಬ ಮಾತು ಆ ಹಾಲ್‌ನೊಳಗೆ ಬರಕೂಡದು.

ಮುದುಕಿ ಮಾಡಿ ತೋರಿಸಿದರೆ ಅವರಿಗೂ ಧೈರ್ಯ ಬರುತ್ತದೆಂದು ನನ್ನನ್ನು ಮುಂದೆ ಕೂರಿಸುತ್ತಿದ್ದಳು. ನಾನು ಓದಿದ್ದು ಮೂರನೇ ಕ್ಲಾಸು. ಕೈ ಎತ್ತುವುದಕ್ಕೆ ಓದು ಬೇಕಿಲ್ಲ.

ನನ್ನ ವಯಸ್ಸಿನ ಚಿಲಿಯವಳೊಬ್ಬಳು ತನ್ನ ಮಗಳ ಜೊತೆ ಬರುತ್ತಿದ್ದಳು. ಕ್ರಿಸ್‌ಮಸ್ಸಿಗೆ ಊರಿಗೆ ಹೋಗಿ ಅಕ್ಕನನ್ನು ನೋಡುತ್ತೇನೆಂದು ಸಿಕ್ಕವರಿಗೆಲ್ಲ ಹೇಳುವಳು. ಆಸ್ಪತ್ರೆಯಲ್ಲಿ ಡಾಕ್ಟರ ಮಾತನ್ನು ಅವಳಿಗೆ ತಿಳಿಸುತ್ತಿದ್ದವಳು ಆ ಮಗಳೇ. ಒಂದು ದಿನ ಕಾರಿನಲ್ಲಿ ನನ್ನ ಮಗಳು ಅಂದಳು:

“ಅಮ್ಮ, ಆ ಆಂಟಿಗೆ ಟ್ರೀಟ್‌ಮೆಂಟ್ ನಿಲ್ಸಿದಾರಂತೆ. ಕ್ರಿಸ್‌ಮಸ್‌ವರೆಗೂ ಇರಲ್ಲ. ಔಷಧಿ ಕೆಲ್ಸ ಮಾಡ್ತಿದೆ ಅಂತ ಮಗಳು ಸುಳ್ಳು ಹೇಳಿಟ್ಟಿದಾಳೆ. ನೀನು ಬಾಯಿ ಬಿಡ್ಬೇಡ.”

“ಹಂಗಾದ್ರೆ ಈಗ್ಲೇ ಕಳಿಸ್ಲಿ ಊರಿಗೆ.”

“ಗೊತ್ತಾದ್ರೆ ಭಯಕ್ಕೇ ಹೋಗ್ಬಿಡ್ತಾರೆ ಅಂತ ಅವಳಿಗೆ.”

“ಹೆಂಗಿದ್ರೂ ಹೋಗೋಳೇ ತಾನೇ?”

“ನಿನ್ ಬಾಯಿಗೆ ಬೀಗ ಹಾಕ್ಬೇಕು!”

ಆ ಹುಡುಗಿಯನ್ನು ಅನ್ನಲು ನನಗೇನು ಯೋಗ್ಯತೆ? ನಮ್ಮ ಯಜಮಾನರಿಗೆ ನಾನೂ ಕೊನೆತನಕ ಗ್ಯಾಸ್ಟ್ರಿಕ್ ಎಂದೇ ಹೇಳಿದ್ದೆ. ಸಾಯುವ ವಾರ ಹೊಸ ಚಪ್ಪಲಿ ತರಿಸಿಕೊಂಡು, ಬಿಗಿಯಾಯಿತೆಂದು ನನ್ನನ್ನೇ ಬೈದರು.

ಆ ವಾರ ಹಾಲ್ ತುಂಬಿತ್ತು. ಮಲಗುವ ಹೊತ್ತಿಗೆ ಚಿಲಿಯವಳ ಚಾಪೆ ಉತ್ತರಕ್ಕೆ ತಲೆ ಬರುವಂತೆ ಬಿದ್ದಿತ್ತು. ನಮ್ಮಲ್ಲಿ ಹಾಗೆ ಮಲಗಿಸುವುದು ಹೆಣವನ್ನು. ನನ್ನ ಕೈ ಸುಮ್ಮನಿರಲಿಲ್ಲ; ಚಾಪೆಯ ತುದಿ ಹಿಡಿದು ಎಳೆದೆ. ಅವಳು ಎದ್ದು ಕೂತು, ಯಾಕೆ ಎಂದು ಕೈ ತಿರುಗಿಸಿದಳು. ನನಗೆ ಬರುವ ಅಷ್ಟಿಷ್ಟು ಇಂಗ್ಲಿಷಿನಲ್ಲಿ ಹೇಳಿದೆ.

“ನಾರ್ತ್, ಡೆಡ್ ಬಾಡಿ. ನಾಟ್ ಗುಡ್.”

ಅವಳು ಜೋರಾಗಿ ನಕ್ಕಳು. ನಗುತ್ತಲೇ ತನ್ನ ಮಗಳ ಕಡೆ ತಿರುಗಿದಳು. ಆ ಹುಡುಗಿ ಬಾಯಿಗೆ ಟವೆಲ್ ಒತ್ತಿಕೊಂಡು ಅಳುತ್ತಿದ್ದಳು. ಇವಳ ನಗು ನಿಂತಿತು. ಮಗಳನ್ನು ಏನೂ ಕೇಳಲಿಲ್ಲ. ಎದೆ ಮುಟ್ಟಿಕೊಂಡು ನನ್ನನ್ನು ಕೇಳಿದಳು: “ಮೀ? ಡೆಡ್?”

“ಅಮ್ಮಾ, ಬೇಡ,” ಎಂದಳು ನನ್ನ ಮಗಳು ಹಿಂದಿನಿಂದ.

“ಯೆಸ್,” ಎಂದೆ. “ಸೂನ್. ಗೋ ಸಿಸ್ಟರ್. ನೌ.”

ಹೊತ್ತು ಮೀರಿತ್ತು. ಅಷ್ಟು ದೂರದ ವಿಮಾನ ಈಗ ಆಗದು ಎಂದರು ಡಾಕ್ಟರು. ತಿಂಗಳ ಹಿಂದೆ ಕೇಳಿದ್ದರೆ ಹೋಗಬಹುದಿತ್ತಂತೆ. ಅವಳ ಮಗಳು ಹಾಲ್‌ನ ಬಾಗಿಲಲ್ಲಿ ನನ್ನನ್ನು ತಡೆದು ಏನೇನೋ ಕೂಗಿದಳು. ನನ್ನ ಮಗಳು ಅದನ್ನು ಕನ್ನಡದಲ್ಲಿ ಹೇಳಲಿಲ್ಲ. ಬೇಕಾಗಿಯೂ ಇರಲಿಲ್ಲ.

ಮುಂದಿನ ವಾರವೂ ಚಿಲಿಯವಳು ಬಂದಳು. ಮಗಳನ್ನು ಹೊರಗೇ ನಿಲ್ಲಿಸಿ ಬಂದಳು. ತನ್ನ ದೇಶ ಯಾವ ದಿಕ್ಕಿಗೆ ಎಂದು ಕೇಳಿದಳು. ನನ್ನ ಮಗಳು ಫೋನ್ ನೋಡಿ ಪೂರ್ವಕ್ಕೆ ಕೈ ತೋರಿಸಿದಳು. ಅವಳು ಚಾಪೆ ಆ ಕಡೆಗೆ ತಿರುಗಿಸಿಕೊಂಡು, “ಗುಡ್?” ಎಂದು ನನ್ನನ್ನು ಕೇಳಿದಳು.

“ಗುಡ್,” ಎಂದೆ.

ಇನ್ನೆರಡು ವಾರ ಹಾಗೇ ಮಲಗಿ ಎದ್ದು ಹೋದಳು. ಆಮೇಲೆ ಆ ಚಾಪೆಯನ್ನು ನನ್ನ ಮಗಳು ಹೊಸಬಳೊಬ್ಬಳಿಗೆ ಕೊಟ್ಟಳು. ಅವಳು ಅದನ್ನು ಉತ್ತರಕ್ಕೇ ತಲೆ ಬರುವಂತೆ ಹಾಸಿದಳು. ಈ ಸಲ ನಾನು ಎಳೆಯಲಿಲ್ಲ.