ಬಸ್ಸು ತಿರುಗುವಷ್ಟು ಜಾಗ

ನನ್ನ ದನಿ ದೊಡ್ಡದು. ಹೆಮ್ಮೆಯಿಂದ ಹೇಳುತ್ತಿಲ್ಲ, ಮುಚ್ಚಿಡಲು ಆಗುವುದಿಲ್ಲವಾದ್ದರಿಂದ ಹೇಳುತ್ತಿದ್ದೇನೆ. ನಾನು ಹುಟ್ಟಿ ಬೆಳೆದದ್ದು ಬೆಳಗಾವಿಯ ಟಿಳಕವಾಡಿಯಲ್ಲಿ, ರೈಲು ಹಳಿಯ ಪಕ್ಕದ ಮನೆಯಲ್ಲಿ. ಅವ್ವ ಅಡುಗೆಮನೆಯಿಂದ ಏನಾದರೂ ಕೇಳಿದಾಗಲೇ ಸರಿಯಾಗಿ ರೈಲು ಬರುತ್ತಿತ್ತು. ಉತ್ತರ ಕೊಡಬೇಕೆಂದರೆ ಎಂಜಿನ್ನಿನೊಡನೆ ಪೈಪೋಟಿಗೆ ಇಳಿಯಬೇಕು. ರೈಲು ದಾಟಿಹೋದರೂ ದನಿ ಇಳಿಯುತ್ತಿರಲಿಲ್ಲ. ಮದುವೆಯಾಗಿ ಖಾನಾಪುರಕ್ಕೆ ಬಂದ ಹೊಸತರಲ್ಲಿ ನಾನು ಗಂಡನ ಕಿವಿಯಲ್ಲಿ ಕೇಳಿದ ಪ್ರಶ್ನೆಗೆ ಎದುರು ಮನೆಯವರು ಉತ್ತರ ಕೊಟ್ಟರೆಂದು ನಮ್ಮ ಅತ್ತೆ ಬೀಗರ ಮುಂದೆಲ್ಲ ಹೇಳಿ ನಗುತ್ತಿದ್ದರು.

ಇಂಥ ದನಿಯಿಂದ ರಾಜ್ಯದ ಆಡಳಿತಕ್ಕೆ ಏನಾದರೂ ಉಪಯೋಗವಾದೀತೆಂದು ಯಾರೂ ಎಣಿಸಿರಲಿಲ್ಲ. ಆದದ್ದು ಹೀಗೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಮ್ಮ ಕಡೆಯ ಶಾಸಕರನ್ನು ಊರೆಲ್ಲ ಅಣ್ಣಾರು ಎಂದು ಕರೆಯುತ್ತಿತ್ತು. ದುಂಡು ಮೈ, ದೊಡ್ಡ ನಗೆ, ಸದಾ ಅವಸರ. ಅವರದೊಂದು ಒಳ್ಳೆಯ ಪದ್ಧತಿಯಿತ್ತು. ಬೆಂಗಳೂರಿನಲ್ಲಿ ಅಧಿವೇಶನ ಮುಗಿದ ಕೂಡಲೇ ಊರಿಗೆ ಬಂದು, ಅಲ್ಲಿ ಏನಾಯಿತು, ಸರ್ಕಾರ ಯಾವ ಕಾನೂನು ಮಾಡಿತು, ಅದರಲ್ಲಿ ನಮ್ಮ ತಾಲ್ಲೂಕಿಗೆ ಸಿಕ್ಕಿದ್ದೇನು ಎಂದು ಜನರಿಗೆ ವರದಿ ಒಪ್ಪಿಸುತ್ತಿದ್ದರು. ಪದ್ಧತಿ ಒಳ್ಳೆಯದೇ, ತೊಂದರೆಯೆಲ್ಲ ಭಾಷೆಯದು. ಮನೆಯಲ್ಲಿ ನಮ್ಮ ನಿಮ್ಮಂತೆ ಮಾತಾಡುವ ಮನುಷ್ಯ ಮೈಕು ಕಂಡೊಡನೆ ಬದಲಾಗಿಬಿಡುತ್ತಿದ್ದರು. "ಸದರಿ ವಿಷಯವನ್ನು ಸರ್ಕಾರವು ತ್ವರಿತಗತಿಯಲ್ಲಿ ಪರಿಶೀಲಿಸತಕ್ಕದ್ದೆಂದು" ಎಂದು ಶುರುವಾದ ವಾಕ್ಯ ಎಲ್ಲಿ ಮುಗಿಯುತ್ತದೆಂದು ಅವರಿಗೂ ತಿಳಿಯುತ್ತಿರಲಿಲ್ಲ.

ಶಾಸಕ ಎಂಬ ಶಬ್ದದ ತಪ್ಪೇ ಇದು ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ. ಶಾಸನ ಅಂದರೆ ನಮ್ಮ ಕಣ್ಣ ಮುಂದೆ ಬರುವುದು ಕಲ್ಲು, ಇಲ್ಲವೇ ತಾಮ್ರ. ನಮ್ಮ ತಾಲ್ಲೂಕಿನ ಹಲಸಿಯಲ್ಲಿ ಕದಂಬ ಅರಸರು ತಾವು ಕೊಟ್ಟ ದಾನಗಳನ್ನು ತಾಮ್ರದ ತಗಡಿನ ಮೇಲೆ ಕೊರೆಸಿದರು. ಅರ್ಥವಾಗಲಿ ಬಿಡಲಿ, ತಾಮ್ರ ಉಳಿಯಿತು. ಅಣ್ಣಾರ ಶಾಸನಕ್ಕೆ ಇದ್ದದ್ದು ಧ್ವನಿವರ್ಧಕದ ತಗಡಿನ ಭೋಂಗಾ ಒಂದೇ. ಆ ತಗಡಿನಿಂದ ಹೊರಟದ್ದು ಕಿವಿಯಲ್ಲಿ ನಿಂತರೆ ನಿಂತಿತು, ಇಲ್ಲವಾದರೆ ಗಾಳಿಗೆ ಹೋಯಿತು.

ಆ ದಿನ ಸಭೆ ನಡೆದದ್ದು ಬಸ್‌ಸ್ಟ್ಯಾಂಡಿನ ಹತ್ತಿರ, ನಮ್ಮ ಕಿರಾಣಿ ಅಂಗಡಿಯ ಎದುರಿಗೇ. ನಾನು ಕಟ್ಟೆಯ ಮೇಲೆ ನಿಂತು ಕೇಳುತ್ತಿದ್ದೆ. ಸಂತೆಗೆ ಬಂದ ಹೆಂಗಸೊಬ್ಬಳು ನನ್ನ ಸೆರಗು ಜಗ್ಗಿ, "ಕಾಯ್ ಮ್ಹಣತಾತ ಗ?" ಎಂದಳು. ಏನು ಹೇಳುತ್ತಿದ್ದಾರೆ ಎಂದು ಪಾಪ ಅವಳಿಗೆ ತಿಳಿಯಬೇಕಿತ್ತು. ವಯಸ್ಸಾದ ನಿರ್ಗತಿಕರಿಗೆ ಸರ್ಕಾರದ ಪಿಂಚಣಿ ಸಿಗುತ್ತದೆ, ತಾಲ್ಲೂಕು ಕಚೇರಿಗೆ ಹೋಗಿ ಕೇಳು ಎಂದು ನಾನು ಮರಾಠಿಯಲ್ಲಿ ಹೇಳಿದೆ. ಅವಳೊಬ್ಬಳಿಗೇ ಹೇಳಿದೆ ಎಂದು ನಾನು ತಿಳಿದಿದ್ದೆ. ನೋಡಿದರೆ ಹಿಂದಿನ ಸಾಲುಗಳೆಲ್ಲ ನನ್ನ ಕಡೆ ತಿರುಗಿವೆ! "ಮತ್ತೇನಂದ್ರು? ಗೇಣಿ ಹೊಲದ್ದು ಏನಾತು?" ಎಂದು ಕನ್ನಡದಲ್ಲಿ ಒಬ್ಬ, ಮರಾಠಿಯಲ್ಲಿ ಇನ್ನೊಬ್ಬ. ನಾನೂ ಹುಮ್ಮಸ್ಸಿನಲ್ಲಿ ಹೇಳುತ್ತಲೇ ಹೋದೆ. ಸ್ವಲ್ಪ ಹೊತ್ತಿನಲ್ಲಿ ಅಣ್ಣಾರ ಎದುರಿಗೆ ಬರೀ ಜನರ ಬೆನ್ನು.

ಮೈಕು ನಿಂತಿತು. "ಯಾರ್ರೀ ಅದು, ನನ್ನ ಸಭಾದಾಗ ಇನ್ನೊಂದು ಸಭಾ ಮಾಡಾಕತ್ತವರು?"

ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಅಣ್ಣಾರು ಗುಂಪನ್ನು ಸೀಳಿಕೊಂಡು ಕಟ್ಟೆಯ ತನಕ ಬಂದರು. ನನ್ನನ್ನು ನೋಡಿ ಜೋರಾಗಿ ನಕ್ಕರು.

"ತಂಗೀ, ನೀ ಹೇಳಿದ್ದು ಮಂದಿಗೆ ತಿಳೀತು. ನಾ ಹೇಳಿದ್ದು ನನಗs ತಿಳೀಲಿಲ್ಲ. ಹಳ್ಳಿಗೆ ಹೊಂಟೀನಿ, ಜೀಪಿನ್ಯಾಗ ಬರ್ತೀಯೇನು? ನಾ ಹೇಳ್ತೀನಿ, ನೀ ತಿಳಿಸು."

ನಾನು ಅಂಗಡಿಯೊಳಗಿದ್ದ ಅತ್ತೆಯ ಮುಖ ನೋಡಿದೆ. ಬೈಗುಳ ಬರುತ್ತದೆಂದು ಕಾದೆ. ಅತ್ತೆ ಸೆರಗು ಸರಿಮಾಡಿಕೊಂಡು ಹೊರಗೆ ಬಂದು, "ಸೊಸಿ ಒಬ್ಬಾಕಿನ್ನ ಹೆಂಗ ಕಳಸೂದ್ರಿ ಅಣ್ಣಾರ?" ಎಂದರು. "ನಾನೂ ಬರ್ತೀನಿ. ಮುಂದಿನ ಸೀಟು ಮಾತ್ರ ನನಗ ಬೇಕು ನೋಡ್ರಿ" ಎಂದು ಸೇರಿಸಿದರು.

ಹೀಗೆ ಶುರುವಾಯಿತು ನಮ್ಮ ದಿಗ್ವಿಜಯ. ಮುಂದೆ ಡ್ರೈವರ್ ದಸ್ತಗೀರ್‌ಸಾಬ್, ಪಕ್ಕದಲ್ಲಿ ಅತ್ತೆ. ಹಿಂದೆ ಅಣ್ಣಾರು, ನಾನು, ಬ್ಯಾಟರಿ, ಬುತ್ತಿಯ ಗಂಟು. ತಲೆಯ ಮೇಲೆ ಭೋಂಗಾ. ದಸ್ತಗೀರ್‌ಸಾಬ್‌ಗೆ ಜೀಪಿಗಿಂತ ಭೋಂಗಾದ ಮೇಲೆ ಪ್ರೀತಿ ಹೆಚ್ಚು, ಅದು ಅವನದೇ ಸ್ವಂತದ್ದು. "ಅಕ್ಕಾರ, ನೀವು ಜರಾ ದೂರ ನಿಂತ ಮಾತಾಡ್ರಿ. ಇದು ಹಳೇ ಮಾಲು, ನಿಮ್ಮ ದನಿಗೆ ಒಡದೀತು" ಎಂದು ಪ್ರತಿ ಊರಲ್ಲೂ ಬೇಡಿಕೊಳ್ಳುತ್ತಿದ್ದ. ಭಾಷೆಯ ದೊಡ್ಡ ಜಗಳಗಳು ದೊಡ್ಡವರಿಗಿರಲಿ, ನಾವು ಹೋದ ಹಳ್ಳಿಗಳಲ್ಲಿ ಒಂದು ವಾಕ್ಯ ಕನ್ನಡದಲ್ಲಿ ಹೊರಟು ಮರಾಠಿಯಲ್ಲಿ ಮನೆ ಮುಟ್ಟುತ್ತಿತ್ತು. ಬೀಜ, ಗೊಬ್ಬರ, ಮನೆಯ ಜಾಗ, ಶಾಲೆಗೆ ಹೊಸ ಕೋಣೆ! ಇಷ್ಟು ಸಂತೋಷದ ಸುದ್ದಿಗಳನ್ನು ಇಷ್ಟು ಗಟ್ಟಿಯಾಗಿ ಹೇಳುವ ಹಕ್ಕು ಸಿಕ್ಕ ಹೆಂಗಸು ಆಗ ತಾಲ್ಲೂಕಿನಲ್ಲಿ ನಾನೊಬ್ಬಳೇ ಇದ್ದೆನೆಂದು ಕಾಣುತ್ತದೆ. ಮನೆಗೆ ಬಂದರೂ ಮೈಯೆಲ್ಲ ಝುಮ್ಮೆನ್ನುತ್ತಿತ್ತು.

ಆ ಝುಮ್ಮನ್ನು ಇಳಿಸಿದ ಊರು ಜಾಂಬಳವಾಡಿ. ಹೆಸರಿನಂತೆ ನೇರಳೆ ಮರಗಳ ಊರು, ಕಾಡಿನ ಅಂಚಿಗೆ. ಅಲ್ಲಿ ಅಣ್ಣಾರು ಮಾತು ಆರಂಭಿಸುತ್ತಿದ್ದಂತೆ ರುಕ್ಮಿಣಿಬಾಯಿ ಎಂಬ ಹೆಂಗಸು ಎದ್ದು ನಿಂತಳು. ಗಂಡ ಗೋವಾದಲ್ಲಿ ಕೆಲಸಕ್ಕಿದ್ದ. ಮನೆ, ಹೊಲ, ಮಗಳು ಶೋಭಾ ಎಲ್ಲ ಅವಳ ಮೇಲೆಯೇ.

"ಸಾಹೇಬ್ರ, ಬೆಂಗಳೂರಿನ ಸುದ್ದಿ ಛಲೋ ಅದಾವ. ಖರೇ, ನನ್ನ ಮಗಳು ಏಳನೇತ್ತಾ ಪಾಸಾಗ್ಯಾಳ. ಮುಂದಿನ ಸಾಲಿ ಖಾನಾಪುರದಾಗ ಐತಿ. ನಡಕೋತ ಹೋದ್ರ ಕಾಡು, ಮಳಿಗಾಲದಾಗ ಹಳ್ಳ. ಇಲ್ಲಿತನಾ ನಮ್ಮೂರಿನ ಒಂದ ಹುಡುಗಿನೂ ಏಳನೇತ್ತಾ ದಾಟಿಲ್ಲ. ಬಸ್ಸು ಯಾವಾಗ ಬಿಡ್ತೀರಿ, ಅಷ್ಟ ಹೇಳ್ರಿ."

ಅಣ್ಣಾರು ಬಾಯಿ ತೆರೆದರು. "ಸದರಿ ವಿಷಯವನ್ನು" ಎಂದವರು ಅವಳ ಪಕ್ಕದಲ್ಲಿ ನಿಂತಿದ್ದ ಎರಡು ಜಡೆಯ ಹುಡುಗಿಯನ್ನು ನೋಡಿ ಅಲ್ಲಿಗೇ ನಿಲ್ಲಿಸಿದರು. ಮೈಕನ್ನು ಬದಿಗೆ ಸರಿಸಿ, "ಸಾಲಿ ಸುರು ಆಗೂದ್ರಾಗ ಬಸ್ಸು ತರ್ತೀನವ್ವಾ" ಎಂದರು. ಅದನ್ನು ನಾನು ಮರಾಠಿಗೆ ತಿರುಗಿಸುವ ಮೊದಲೇ ಜನ ಚಪ್ಪಾಳೆ ಹೊಡೆದರು.

ಮಾತು ಕೊಡುವುದು ಸುಲಭ. ಅಣ್ಣಾರು ಬೆಳಗಾವಿಯ ಸಾರಿಗೆ ಕಚೇರಿಗೆ ಎಡತಾಕತೊಡಗಿದರು. ಒಂದೆರಡು ಸಲ ನಾವೂ ಜೊತೆಗೆ ಹೋದೆವು. ಹೋದ ನೆಪದಲ್ಲಿ ನನಗೆ ತವರಿನ ಚಹಾ, ಅತ್ತೆಗೆ ಅಲ್ಲಿಯ ಸಿಹಿ ಕುಂದಾ. ಕೊನೆಗೆ ಅಧಿಕಾರಿಯೊಬ್ಬರು ತಾವೇ ದಾರಿ ನೋಡಲು ಜಾಂಬಳವಾಡಿಗೆ ಬಂದರು. ಒಳ್ಳೆಯ ಮನುಷ್ಯ. ಊರಿನವರು ತಗ್ಗು ತುಂಬಿ, ಪೊದೆ ಕಡಿದು ದಾರಿ ಸರಿಮಾಡಿದ್ದನ್ನು ಕಂಡು ಹೊಗಳಿದರು. ಆಮೇಲೆ ಊರ ಬಾಗಿಲಲ್ಲಿ ನಿಂತು ಸುತ್ತ ನೋಡಿ ಮೆಲ್ಲಗೆ ಹೇಳಿದರು. "ಬಸ್ಸು ಬರತೈತ್ರಿ. ಹೊಳ್ಳಿ ಹೋಗೂದು ಹೆಂಗ? ತಿರಗಸಾಕ ಜಾಗಾನ ಇಲ್ಲಲ್ಲ!"

ನಿಜ. ಒಂದು ಕಡೆ ಮನೆಗಳ ಸಾಲು, ಇನ್ನೊಂದು ಕಡೆ ಗದ್ದೆಯ ಇಳಿಜಾರು. ಊರಲ್ಲಿ ಸಮನಾದ ಜಾಗ ಇದ್ದದ್ದು ಒಂದೇ, ರುಕ್ಮಿಣಿಬಾಯಿಯ ಮನೆಯ ಕಣ. ಸುಗ್ಗಿಯಲ್ಲಿ ಕಾಳು ತುಳಿಸುವ, ಸಗಣಿಯಿಂದ ಸಾರಿಸಿದ, ಕನ್ನಡಿಯಂಥ ನೆಲ. ಅವಳು ಯೋಚಿಸಲೂ ಇಲ್ಲ, "ತಗೋರಿ" ಎಂದಳು. ಆದರೆ ಕಣ ಅವಳೊಬ್ಬಳದಲ್ಲ, ಮೈದುನ ಪರಶುರಾಮನದೂ ಹೌದು. ಅವನು ಕಣದ ನಡುವೆ ಹೋಗಿ ಕೈಕಟ್ಟಿ ನಿಂತುಬಿಟ್ಟ.

"ಕಾಳು ಬೀಳೂ ಜಾಗಾದಾಗ ಗಾಲಿ ಓಡಸ್ತೀರಿ? ಲಕ್ಷ್ಮಿ ಇರೂ ನೆಲಾ ಇದು. ನಾಕ ದಿನಾ ಬಸ್ಸು ಬರತೈತಿ, ಆಮ್ಯಾಲ ನಿಂದರತೈತಿ. ಇಂಥಾ ಮಾತು ಭಾಳ ಕೇಳೇವಿ. ಬಸ್ಸೂ ಇಲ್ಲ, ಕಣಾನೂ ಇಲ್ಲ ಅನ್ನೂಹಂಗ ಆಗಬೇಕೇನು?"

ಅಣ್ಣಾರು ಪರಿಹಾರದ ನಿಯಮ ವಿವರಿಸಿದರು. ನಾನು ಅದನ್ನು ಎರಡು ಭಾಷೆಗಳಲ್ಲಿ ಹೇಳಿದೆ. ಪರಶುರಾಮ ಎರಡು ಭಾಷೆಗಳಲ್ಲೂ ಬೇಡವೆಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ಕಷ್ಟ. ಶೋಭಾ ಬಾಗಿಲ ಹಿಂದೆ ನಿಂತು ಅಳುತ್ತಿದ್ದಳು. ಶಾಲೆ ತೆರೆಯಲು ಬಹಳ ದಿನ ಉಳಿದಿರಲಿಲ್ಲ. ಅಧಿಕಾರಿ ಗಡಿಯಾರ ನೋಡಿಕೊಂಡರು.

ಆಗ ಜೀಪಿನ ಮುಂದಿನ ಸೀಟಿನಿಂದ ನಮ್ಮ ಅತ್ತೆ ಇಳಿದರು. ಕಣದ ಅಂಚಿನಲ್ಲಿ ಚಪ್ಪಲಿ ಬಿಟ್ಟು ಒಳಗೆ ನಡೆದರು. ಪರಶುರಾಮನ ಮುಖ ಅಷ್ಟಕ್ಕೇ ಸ್ವಲ್ಪ ಸಡಿಲಾಯಿತು.

"ತಮ್ಮಾ, ಹುರಳಿ ಬೆಳೀತಿಯೇನು?"

"ಬೆಳೀತೀನ್ರಿ."

"ಹೆಂಗ ಬಡೀತಿ?"

"ಕೋಲು ತಗೊಂಡು. ರಟ್ಟಿ ಬಿದ್ದ ಹೋಗ್ತಾವ."

"ನನ್ನ ತವರಿನ್ಯಾಗ ಡಾಂಬರ ರಸ್ತಾದ ಮ್ಯಾಲ ಹಾಸತಾರಪ್ಪ. ಹೋಗು ಬರು ಗಾಡಿನ ತುಳದ ಕೊಡತಾವ. ಅವರು ರಸ್ತಾಕ್ಕ ಹೋಗಿ ಹಾಸಬೇಕು. ನಿನಗ ಸರ್ಕಾರದ ಬಸ್ಸು ಕಣಕ್ಕ ಬಂದು ತುಳದ ಹೋಗತೈತಿ. ಎತ್ತಿನಂಗ ಹುಲ್ಲೂ ಕೇಳೂದಿಲ್ಲ!"

ಮೊದಲು ನಕ್ಕವಳು ರುಕ್ಮಿಣಿಬಾಯಿ. ಆಮೇಲೆ ಊರಿಗೆ ಊರೇ ನಕ್ಕಿತು. ಅಧಿಕಾರಿ ನಗಬಾರದೆಂದು ಆ ಕಡೆ ತಿರುಗಿದರು. ಪರಶುರಾಮ ನಗಲಿಲ್ಲ. ಬಾಗಿಲ ಹಿಂದಿನ ಅಣ್ಣನ ಮಗಳನ್ನು ಒಮ್ಮೆ ನೋಡಿದ, ಕಣವನ್ನು ಒಮ್ಮೆ ನೋಡಿದ. "ಸುಗ್ಗಿಯಾಗ ಭತ್ತಾ ತುಳಸೂವಾಗ ಮಾತ್ರ ಬಸ್ಸು ಅಂಚಿಗೆ ತಿರಗಬೇಕು" ಎಂದ. ಅಧಿಕಾರಿ ತಲೆಯಾಡಿಸಿದರು. ನನಗೆ ಕುಣಿಯಬೇಕೆನ್ನಿಸಿತು. ಕುಣಿಯಲಿಲ್ಲ, ಆದರೆ ನಾನು ಆಗ ಹಾಕಿದ ಕೂಗು ಮುಂದಿನ ಊರಿಗೆ ಕೇಳಿಸಿತ್ತೆಂದು ದಸ್ತಗೀರ್‌ಸಾಬ್ ಆಣೆ ಮಾಡಿ ಹೇಳುತ್ತಿದ್ದ.

ಶಾಲೆ ತೆರೆಯುವ ಹಿಂದಿನ ದಿನ ಬಸ್ಸು ಬಂತು. ಕೆಂಪು ಬಣ್ಣದ ಬಸ್ಸು, ಮೂತಿಗೆ ಚೆಂಡು ಹೂವಿನ ಮಾಲೆ, ಕಂಡಕ್ಟರನ ಹಣೆಗೆ ಕುಂಕುಮ. ಹೆಂಗಸರು ಆರತಿ ಎತ್ತಿದರು. ಅಣ್ಣಾರು ಹೊಸ ಅಂಗಿ ಹಾಕಿಕೊಂಡು ದೊಡ್ಡ ಭಾಷಣವನ್ನೇ ತಯಾರು ಮಾಡಿಕೊಂಡಿದ್ದರು. "ಮಾನ್ಯ ಬಂಧುಗಳೇ" ಎಂದರು. ಅಷ್ಟರಲ್ಲಿ ಒಬ್ಬ ಮುದುಕ ಒಳಗೆ ಹೇಗಿದೆ ನೋಡೋಣವೆಂದು ಬಸ್ಸು ಹತ್ತಿದ. ಅವನ ಹಿಂದೆ ಇನ್ನಿಬ್ಬರು. "ಮಾನ್ಯ ಭಗಿನಿಯರೇ" ಎನ್ನುವಾಗ ಭಗಿನಿಯರೆಲ್ಲ ಬಸ್ಸಿನಲ್ಲಿದ್ದರು. ಸೀಟು ತುಂಬಿತು, ಮೆಟ್ಟಿಲೂ ತುಂಬಿತು. ಕಂಡಕ್ಟರು ಗಂಟೆ ಬಾರಿಸಿಯೇಬಿಟ್ಟ. ಬಸ್ಸು ಕಣದಲ್ಲಿ ಅಚ್ಚುಕಟ್ಟಾಗಿ ಒಂದು ಸುತ್ತು ತಿರುಗಿ, ಸಭೆಗೆ ಸಭೆಯನ್ನೇ ಹೊತ್ತುಕೊಂಡು ಖಾನಾಪುರದ ಕಡೆ ಹೊರಟುಹೋಯಿತು. ಕಿಟಕಿಯೊಂದರಲ್ಲಿ ನಮ್ಮ ಅತ್ತೆಯೂ ಇದ್ದರು, ನನಗೆ ಕೈ ಬೀಸಿದರು.

ಉಳಿದದ್ದು ಕೊರಳಲ್ಲಿ ಹಾರವಿದ್ದ ಅಣ್ಣಾರು, ಮೈಕು ಹಿಡಿದ ನಾನು, ದಸ್ತಗೀರ್‌ಸಾಬ್, ಮತ್ತೆ ಕಣದ ಅಂಚಿನಲ್ಲಿ ಕುಳಿತ ಪರಶುರಾಮ. ಧೂಳು ಇಳಿಯಿತು. ಆಮೇಲೆ ಅಣ್ಣಾರಿಗೆ ನಗು ತಡೆಯಲಾಗಲಿಲ್ಲ, ನಮಗೂ ಆಗಲಿಲ್ಲ. ಕಣ್ಣೀರು ಒರೆಸಿಕೊಂಡು ಅವರು, "ಪರಶುರಾಮಾ, ನೀ ಯಾಕ ಹತ್ತಲಿಲ್ಲೋ?" ಎಂದರು.

"ಅವಸರ ಏನೈತ್ರಿ? ನಾಳಿನೂ ಬರತೈತಲ್ಲ?"

ಅವನು ಹೇಳಿದನೋ, ಕೇಳಿದನೋ. ಎರಡು ಭಾಷೆ ಬಲ್ಲ ನನಗೂ, ಅಣ್ಣಾರಿಗೂ ಅದು ಗೊತ್ತಾಗಲಿಲ್ಲ. ಅಣ್ಣಾರು ನಗು ನಿಲ್ಲಿಸಿ ಅವನನ್ನೇ ನೋಡಿದರು. "ಬರತೈತಪ್ಪಾ" ಎಂದು ಮೆಲ್ಲಗೆ ಹೇಳಿ ಹಾರ ತೆಗೆದು ಜೀಪಿನಲ್ಲಿಟ್ಟರು.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದು ನೋಡಿದರೆ ಅಣ್ಣಾರು ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರೇ ನಿಂತಿದ್ದಾರೆ. ಜೀಪಿಲ್ಲ, ಜನರಿಲ್ಲ, ಹೊಸ ಅಂಗಿಯೂ ಇಲ್ಲ. ಜಿಟಿಜಿಟಿ ಮಳೆ. ನಸುಕಿನಲ್ಲಿ ಜಾಂಬಳವಾಡಿಗೆ ಹೋದ ಬಸ್ಸು ಹೊಳ್ಳಿ ಬರುವ ಹೊತ್ತು. ಅವರು ಚಹಾ ತರಿಸಿಕೊಂಡು ಕುಡಿಯದೆ ಕೈಯಲ್ಲೇ ಹಿಡಿದುಕೊಂಡಿದ್ದರು. ನಾನೂ ಅತ್ತೆಯೂ ಹೋಗಿ ಪಕ್ಕದಲ್ಲಿ ನಿಂತೆವು. ಹೊತ್ತಾಯಿತು. ಬೇರೆ ಬೇರೆ ಊರಿನ ಬಸ್ಸುಗಳು ಬಂದವು, ಹೋದವು. ಅಣ್ಣಾರ ಹಣೆಯ ಮೇಲೆ ಮಳೆಯೋ ಬೆವರೋ ಹೇಳಲಾಗದು.

ಕೊನೆಗೆ ತಿರುವಿನಲ್ಲಿ ಕೆಂಪು ಮೂತಿ ಕಾಣಿಸಿತು. ಬಾಡಿದ ಚೆಂಡು ಹೂವು ಇನ್ನೂ ಜೋತಾಡುತ್ತಿತ್ತು. ಬಸ್ಸು ನಿಂತಿತು. ಹಾಲಿನ ಕ್ಯಾನು ಇಳಿದವು, ಕೋಳಿ ಬುಟ್ಟಿ ಇಳಿಯಿತು, ಆಮೇಲೆ ಎರಡು ಜಡೆಯ ಶೋಭಾ ಇಳಿದಳು. ಅವಳ ಹಿಂದೆ ಇನ್ನೂ ಮೂರು ಹುಡುಗಿಯರು. ಗಂಟೆ ಹೊಡೆಯುವ ಹೊತ್ತಾಗಿತ್ತು, ಶಾಸಕರನ್ನು ಗುರುತಿಸಲು ಅವರಿಗೆ ಪುರುಸೊತ್ತಿರಲಿಲ್ಲ. ಚೀಲ ಎದೆಗವಚಿಕೊಂಡು ನಮ್ಮ ಮುಂದೆಯೇ ಶಾಲೆಯ ಕಡೆ ಓಡಿದರು.

"ಬಂತು!" ಎಂದು ಅಣ್ಣಾರು ಕೂಗಿದರು. ಮೈಕಿಲ್ಲದೆ, ನನ್ನನ್ನೂ ಮೀರಿಸುವ ದನಿಯಲ್ಲಿ. "ಬಂತು ನೋಡ್ರಿ ಅವ್ವಾರ, ಬಂತು!"

ನಿಂತವರೆಲ್ಲ ತಿರುಗಿ ನೋಡಿದರು. ಬಸ್‌ಸ್ಟ್ಯಾಂಡಿಗೆ ಬಸ್ಸು ಬಂದದ್ದಕ್ಕೆ ಇಷ್ಟು ಕೂಗುವ ಈ ಮನುಷ್ಯನಿಗೆ ಏನಾಗಿದೆಯೆಂದು ಅವರಿಗೆ ತಿಳಿಯಲಿಲ್ಲ. ತಿಳಿಯದಿದ್ದದ್ದೇ ಒಳ್ಳೆಯದಾಯಿತು. ಬಸ್ಸು ಬರುವುದು, ಹುಡುಗಿಯರು ಇಳಿದು ಶಾಲೆಗೆ ಓಡುವುದು ಯಾರೂ ತಿರುಗಿ ನೋಡದಷ್ಟು ಸಾಮಾನ್ಯ ಸಂಗತಿಯಾಗಲಿ ಎಂದೇ ಅಲ್ಲವೇ ಇಷ್ಟೆಲ್ಲ ಓಡಾಡಿದ್ದು? ಅಣ್ಣಾರು ಆರಿಹೋದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಇನ್ನೊಂದು ತರಲು ಹೇಳಿದರು.